ಒಪ್ಪ ಓರಣ

ಮನೆಯಲ್ಲಿರುವಾಗ ಮನುಷ್ಯನ ಅವ್ಯವಸ್ಥೆಯನ್ನು ಮನೆಯೇ ಮುಚ್ಚಿಕೊಳ್ಳುತ್ತದೆ. ಕಾಣೆಯಾದ ವಸ್ತುವನ್ನು ಹುಡುಕಲು ಸಮಯವಿರುತ್ತದೆ; ಹುಡುಕಿಕೊಡಲು ಜನರಿರುತ್ತಾರೆ; ಸಿಕ್ಕದೆ ಹೋದರೆ ನೆರೆಮನೆಯಿಂದ ಎರವಲು ತರಬಹುದು. ಪ್ರಯಾಣಕ್ಕೆ ಹೊರಟವನಿಗೆ ಈ ಅನುಕೂಲಗಳಿಲ್ಲ. ಅವನ ಮನೆಯೆಲ್ಲ ಹೆಗಲ ಮೇಲಿನ ಒಂದು ಚೀಲದೊಳಗೆ ಅಡಗಿರುತ್ತದೆ. ಆ ಚೀಲದಲ್ಲಿ ಬಟ್ಟೆ, ಹೊದಿಕೆ, ಪುಸ್ತಕಗಳಂತಹ ದೊಡ್ಡ ವಸ್ತುಗಳು ತೊಂದರೆ ಕೊಡುವುದು ಅಪರೂಪ. ಅವು ಕಣ್ಣಿಗೆ ಕಾಣುತ್ತವೆ, ಕೈಗೆ ಎಟಕುತ್ತವೆ. ತೊಂದರೆ ಕೊಡುವುವು ಬೆರಳುದ್ದದ ವಸ್ತುಗಳು. ಬೇಕಾದಾಗ ಅವು ಚೀಲದ ತಳ ಸೇರಿರುತ್ತವೆ. ಬೇಡವಾದಾಗ ತಾವಾಗಿಯೇ ಹೊರಗೆ ಬೀಳುತ್ತವೆ. ಇಂತಹ ಚಿಕ್ಕ ವಸ್ತುಗಳನ್ನು ಒಪ್ಪ ಓರಣವಾಗಿ ಇಟ್ಟುಕೊಳ್ಳುವುದೂ ಒಂದು ವಿದ್ಯೆಯೇ. ಕನ್ನಡ ನಾಡಿಗೆ ಈ ವಿದ್ಯೆ ಹೊಸದೇನೂ ಅಲ್ಲ.

ತುಮಕೂರು ಜಿಲ್ಲೆಯ ತಿಪಟೂರು ತಾಲ್ಲೂಕಿಗೆ ಸೇರಿದ ಅರಳಗುಪ್ಪೆ ತೆಂಗಿನ ಸೀಮೆಯ ಒಂದು ಹಳೆಯ ಊರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳನ್ನೊಳಗೊಂಡ ಈ ಸೀಮೆಯಲ್ಲಿ ಹಿಂದೆ ಸಂತೆಗೋ ಜಾತ್ರೆಗೋ ನೆಂಟರ ಊರಿಗೋ ಹೊರಟ ಹಿರಿಯರ ಸೊಂಟದಲ್ಲಿ ಎಲೆಯಡಿಕೆಯ ಸಂಚಿ ಇರುತ್ತಿತ್ತು. ಬಟ್ಟೆಯನ್ನು ಮಡಿಸಿ ಹೊಲಿದು, ಒಂದರ ಹಿಂದೆ ಒಂದರಂತೆ ಹಲವು ಅರೆಗಳನ್ನು ಮಾಡಿ, ಬಾಯಿಗೆ ದಾರ ಪೋಣಿಸಿದ ಚೀಲವೇ ಸಂಚಿ. ಒಂದು ಅರೆಯಲ್ಲಿ ವೀಳ್ಯದೆಲೆ, ಇನ್ನೊಂದರಲ್ಲಿ ಅಡಿಕೆ, ಮತ್ತೊಂದರಲ್ಲಿ ಸುಣ್ಣದ ಡಬ್ಬಿ, ಎಲ್ಲಕ್ಕೂ ಒಳಗಿನ ಅರೆಯಲ್ಲಿ ಚಿಲ್ಲರೆ ಕಾಸು. ಈ ವಿಂಗಡಣೆಗೆ ಕಾರಣವಿತ್ತು. ಎಲೆಗೆ ತೇವ ಬೇಕು, ಅಡಿಕೆಗೆ ತೇವ ಆಗದು. ಸುಣ್ಣ ತಾಗಿದರೆ ಎಲೆ ಕೆಡುತ್ತದೆ. ಕಾಸು ಸಡಿಲವಾಗಿದ್ದರೆ ದಾರಿಯಲ್ಲಿ ಉದುರಿಹೋಗುತ್ತದೆ. ಒಂದೊಂದು ವಸ್ತುವಿನ ಗುಣವನ್ನು ಅರಿತು ಅದಕ್ಕೊಂದು ಮನೆಯನ್ನು ಕಟ್ಟಿಕೊಟ್ಟಿದ್ದರು. ಕತ್ತಲೆಯಲ್ಲಿಯೂ, ಮಾತಿನಲ್ಲಿ ಮೈಮರೆತಿದ್ದಾಗಲೂ, ಕೈ ತಾನಾಗಿಯೇ ಬೇಕಾದ ಅರೆಯನ್ನು ಸೇರುತ್ತಿತ್ತು. ಎಲೆಯಡಿಕೆ, ಹೊಗೆಸೊಪ್ಪುಗಳ ಚಟ ಅನುಕರಣೆಗೆ ಯೋಗ್ಯವಾದುದಲ್ಲ; ಆದರೆ ಸಂಚಿಯ ಕ್ರಮ ಅನುಕರಣೀಯವಾದುದು.

ಅರಮನೆಗಳಲ್ಲಿ ಸಂಚಿಯನ್ನು ನೋಡಿಕೊಳ್ಳುವುದು ಒಂದು ಊಳಿಗವೇ ಆಗಿತ್ತು. 1673ರಿಂದ 1704ರವರೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ರಾಣಿಗೆ ವೀಳ್ಯವನ್ನು ಒದಗಿಸುವ ಊಳಿಗದಲ್ಲಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ವೆಂಬ ಕಾವ್ಯವನ್ನು ರಚಿಸಿದಳು. ಕನ್ನಡ ಸಾಹಿತ್ಯ ಚರಿತ್ರೆ ಅವಳನ್ನು ಇಂದಿಗೂ ಸಂಚಿಯ ಹೊನ್ನಮ್ಮನೆಂದೇ ಕರೆಯುತ್ತದೆ. ರಾಣಿಯ ಸಂಚಿಗೆ ಹೊನ್ನಮ್ಮನಿದ್ದಳು. ಸಾಮಾನ್ಯನ ಸಂಚಿಗೆ ಅವನೇ ಊಳಿಗದವನು. ಕಾಲ ಬದಲಾಗಿ, ಇಂದಿನ ಪ್ರಯಾಣಿಕನ ಚೀಲದಲ್ಲಿ ವೀಳ್ಯದ ಸ್ಥಾನಕ್ಕೆ ವಿದ್ಯುತ್ತಿನ ಉಪಕರಣಗಳು ಬಂದಿವೆ. ಆದರೆ ಸಂಚಿಯ ಊಳಿಗ ಬಹುಮಟ್ಟಿಗೆ ಮರೆತುಹೋಗಿದೆ.

ತೆಂಗಿನ ಸೀಮೆಯ ಹಳ್ಳಿಗಳಿಂದ ವಿದ್ಯೆಗಾಗಿ, ಉದ್ಯೋಗಕ್ಕಾಗಿ ತುಮಕೂರಿಗೋ ಬೆಂಗಳೂರಿಗೋ ಹೋಗುವ ತರುಣ ತರುಣಿಯರು ಅನೇಕರು. ಅಂತಹವರಲ್ಲಿ ಒಬ್ಬರ ಚೀಲವನ್ನು ತೆರೆದರೆ ಏನೇನು ಕಂಡೀತು? ಮೊಬೈಲಿನ ಚಾರ್ಜರು, ಅದರ ಕೇಬಲ್ಲು, ಹಳೆಯ ಮೊಬೈಲಿನ ಇನ್ನೊಂದು ಕೇಬಲ್ಲು, ಪವರ್ ಬ್ಯಾಂಕು, ಇಯರ್‌ಫೋನು, ಪೆನ್‌ಡ್ರೈವು, ಉಗುರಿಗಿಂತ ಸ್ವಲ್ಪವೇ ದೊಡ್ಡದಾದ ಮೆಮೊರಿ ಕಾರ್ಡು. ಇವೆಲ್ಲ ಬೀಗದ ಕೈ, ಬಾಚಣಿಗೆ, ಚಿಲ್ಲರೆಗಳೊಡನೆ ಒಂದೇ ಅರೆಯಲ್ಲಿ ಬಿದ್ದಿರುತ್ತವೆ. ಒಂದನ್ನು ಎಳೆದರೆ ಎಲ್ಲವೂ ಹಿಂಬಾಲಿಸಿ ಬರುತ್ತವೆ. ಇದನ್ನು ನೋಡಿ ನಗುವವರುಂಟು. ಆದರೆ ಇದರಲ್ಲಿ ನಗುವಂಥದು ಹೆಚ್ಚಿಲ್ಲ. ಮೊಬೈಲು ಮಾತಿಗೆ ಮಾತ್ರ ಬಳಕೆಯಾಗುತ್ತಿದ್ದ ದಿನಗಳಲ್ಲಿ ಅದು ಆರಿಹೋದರೆ ಒಂದು ಮಾತು ತಪ್ಪುತ್ತಿತ್ತು, ಅಷ್ಟೆ. ಇಂದು ಎಷ್ಟೋ ಜನರ ರೈಲಿನ ಟಿಕೆಟ್ಟು, ಬ್ಯಾಂಕಿನ ಹಣ, ಹೋಗಿ ಸೇರಬೇಕಾದ ಮನೆಯ ವಿಳಾಸ, ತಂದೆತಾಯಿಯರ ದೂರವಾಣಿ ಸಂಖ್ಯೆ, ಎಲ್ಲವೂ ಅದೊಂದರಲ್ಲಿಯೇ ಇವೆ. ತಿಪಟೂರಿನಿಂದ ಬೆಂಗಳೂರಿಗೆ ಇರುವ ಸುಮಾರು 140 ಕಿಲೋಮೀಟರು ದಾರಿಯ ಕೊನೆಯಲ್ಲಿ, ಗುರುತಿಲ್ಲದ ನಗರದ ನಿಲ್ದಾಣದಲ್ಲಿ, ಕತ್ತಲಾಗುವ ಹೊತ್ತಿನಲ್ಲಿ ಮೊಬೈಲು ಆರಿಹೋದ ಹುಡುಗಿಗೆ ಚೀಲದ ತಳದಲ್ಲಿ ಸಿಕ್ಕಿಕೊಂಡ ಒಂದು ತಂತಿ ಅಲ್ಪವಾದ ವಸ್ತುವಲ್ಲ.

ಈ ತಂತಿಗಳು ತಾವಾಗಿಯೇ ಗಂಟು ಬೀಳುವುದೇಕೆ? ಯಾರೂ ಗಂಟು ಹಾಕದಿದ್ದರೂ ಚೀಲದಿಂದ ಹೊರಗೆ ಬರುವಾಗ ಅವು ಸಿಕ್ಕುಗಟ್ಟಿರುತ್ತವೆ. ಇದನ್ನು ದುರದೃಷ್ಟವೆಂದು ಹಳಿಯುವುದು ವಾಡಿಕೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೆಗೊ ಕೇಂದ್ರದಲ್ಲಿದ್ದ ಡೋರಿಯನ್ ರೇಮರ್ ಮತ್ತು ಡಗ್ಲಸ್ ಸ್ಮಿತ್ ಎಂಬ ವಿಜ್ಞಾನಿಗಳು ಹಳಿಯುವುದನ್ನು ಬಿಟ್ಟು ಪರೀಕ್ಷಿಸಿ ನೋಡಿದರು. ಒಂದು ಪೆಟ್ಟಿಗೆಯಲ್ಲಿ ದಾರವನ್ನು ಹಾಕಿ, ಪೆಟ್ಟಿಗೆಯನ್ನು ಕೆಲವು ಸೆಕೆಂಡುಗಳ ಕಾಲ ಉರುಳಿಸಿ, ಗಂಟು ಬಿದ್ದಿದೆಯೇ ಎಂದು ನೋಡುವುದು, ಇಷ್ಟೇ ಅವರ ಪ್ರಯೋಗ. ಅದನ್ನು ಅವರು 3,400ಕ್ಕೂ ಹೆಚ್ಚು ಸಲ ಮಾಡಿ, 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ದಾರದ ಉದ್ದ ಸುಮಾರು 46 ಸೆಂಟಿಮೀಟರಿಗಿಂತ, ಎಂದರೆ ಹೆಚ್ಚುಕಡಮೆ ಒಂದು ಮೊಳಕ್ಕಿಂತ, ಕಡಮೆಯಿದ್ದಾಗ ಗಂಟು ಬೀಳಲಿಲ್ಲವೆಂದೇ ಹೇಳಬಹುದು. ಅಲ್ಲಿಂದ ಮುಂದೆ ಒಂದೂವರೆ ಮೀಟರಿನವರೆಗೆ ಉದ್ದ ಹೆಚ್ಚಿದಂತೆ ಗಂಟು ಬೀಳುವ ಸಂಭವವೂ ವೇಗವಾಗಿ ಹೆಚ್ಚಿತು. ಇನ್ನೂ ಉದ್ದವಾದ ದಾರದಲ್ಲಿ ಸುಮಾರು ಎರಡು ಸಲಕ್ಕೆ ಒಂದು ಸಲ ಗಂಟು ಬಿತ್ತು. ದಾರ ಸುರುಳಿಯಾಗಿ ಬಿದ್ದಿರುವಾಗ ಅದರ ಸಡಿಲವಾದ ತುದಿ ಸುತ್ತುಗಳ ಮೇಲೆ ಕೆಳಗೆ ನುಸುಳಿ, ಜಡೆ ಹೆಣೆದಂತೆ ತಾನೇ ಹೆಣೆದುಕೊಳ್ಳುತ್ತದೆ ಎಂಬುದು ಅವರು ಕೊಟ್ಟ ವಿವರಣೆ. ಅಲುಗಾಡಲು ಸ್ಥಳ ಕಡಮೆಯಾದಾಗ ಗಂಟುಗಳೂ ಕಡಮೆಯಾದವು.

ಈ ಪ್ರಯೋಗ ವಿನೋದವಾಗಿ ತೋರಬಹುದು. ಅದಕ್ಕೆ 2008ರಲ್ಲಿ ವಿನೋದಕ್ಕೆ ಹೆಸರಾದ ಇಗ್ ನೊಬೆಲ್ ಬಹುಮಾನವೂ ದೊರೆಯಿತು. ಆದರೆ ಅದು ತಿಳಿಸುವ ನೀತಿ ಗಂಭೀರವಾದುದು. ಬಸ್ಸಿನ ಅಲುಗಾಟದಲ್ಲಿ ಚೀಲವೂ ಒಂದು ಉರುಳುವ ಪೆಟ್ಟಿಗೆಯೇ. ಮೊಬೈಲಿನ ಕೇಬಲ್ಲು ಸಾಮಾನ್ಯವಾಗಿ ಎರಡು ಮೊಳಕ್ಕೂ ಹೆಚ್ಚು ಉದ್ದವಾಗಿರುವುದರಿಂದ ಅದು ಸಿಕ್ಕುಗಟ್ಟುವುದು ಸಹಜ. ಪರಿಹಾರವೂ ಇದರಲ್ಲಿಯೇ ಅಡಗಿದೆ: ತಂತಿಯನ್ನು ಸುತ್ತಿ ಚಿಕ್ಕದು ಮಾಡಬೇಕು, ಸಡಿಲವಾದ ತುದಿಯನ್ನು ಕಟ್ಟಬೇಕು, ಅಲುಗದಂತೆ ಇಕ್ಕಟ್ಟಾದ ಸ್ಥಳದಲ್ಲಿ ಇಡಬೇಕು.

ಸುತ್ತುವ ಕ್ರಮವನ್ನು ತೆಂಗಿನ ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ತೆಂಗಿನ ನಾರಿನಿಂದ ಹಗ್ಗ ಹೊಸೆಯುವವರಿಗೆ ಹಗ್ಗಕ್ಕೂ ಒಂದು ಸ್ವಭಾವವಿದೆ ಎಂಬುದು ಗೊತ್ತು. ಹುರಿಗೊಂಡ ದಿಕ್ಕನ್ನು ಅನುಸರಿಸಿ ಸುತ್ತಿದರೆ ಹಗ್ಗ ಸುಮ್ಮನೆ ಮಲಗುತ್ತದೆ. ಎದುರಾಗಿ ಸುತ್ತಿದರೆ ತಿರಿಚಿಕೊಂಡು ಮುರಿ ಬೀಳುತ್ತದೆ. ಬಾವಿಯ ಹಗ್ಗವನ್ನು ನೀರು ಸೇದಿದ ಕೂಡಲೆ ಸುರುಳಿ ಸುತ್ತಿ ಗೂಟಕ್ಕೆ ತೂಗುಹಾಕಿದ ಮನೆಯಲ್ಲಿ ಹಗ್ಗ ಬಹುಕಾಲ ಬಾಳುತ್ತಿತ್ತು. ಕಟ್ಟೆಯ ಮೇಲೆ ಎಸೆದು ಹೋದ ಮನೆಯಲ್ಲಿ ಬೇಗ ಹರಿಯುತ್ತಿತ್ತು. ಕೇಬಲ್ಲಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಅದರ ಹೊದಿಕೆಯೊಳಗೆ ಕೂದಲಿನಂತಹ ತಾಮ್ರದ ಎಳೆಗಳಿರುತ್ತವೆ. ಚಾರ್ಜರಿನ ಮೈಗೆ ಬಿಗಿಯಾಗಿ ಸುತ್ತಿದಾಗ, ಮೊನೆಯ ಬಳಿ ಮತ್ತೆ ಮತ್ತೆ ಬಾಗಿಸಿದಾಗ ಆ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಕಬ್ಬಿಣದ ತಂತಿಯನ್ನು ಅತ್ತ ಇತ್ತ ಬಗ್ಗಿಸಿ ಮುರಿಯುವ ಹುಡುಗರಿಗೆ ಇದರ ಕಾರಣ ತಿಳಿಯದಿರದು. ನಾಲ್ಕು ಬೆರಳಿನ ಅಗಲಕ್ಕೆ ಸಡಿಲವಾಗಿ ಸುತ್ತಿ, ಸಿಂಬೆಯ ಆಕಾರಕ್ಕೆ ತಂದು, ಬಟ್ಟೆಯ ಒಂದು ಪಟ್ಟಿಯಿಂದ ಕಟ್ಟಿದರೆ ಸಾಕು. ಅದಕ್ಕೆ ತಗಲುವ ಹೊತ್ತು ಅರ್ಧ ನಿಮಿಷವನ್ನು ಮೀರದು. ಹೊದಿಕೆ ಹರಿದು ಒಳಗಿನ ಎಳೆ ಕಾಣುತ್ತಿರುವ ಕೇಬಲ್ಲನ್ನು ಮಾತ್ರ ಮಿತವ್ಯಯದ ಹೆಸರಿನಲ್ಲಿ ಬಳಸಬಾರದು. ಅದರಿಂದ ಬೆಂಕಿಯ ಅಪಾಯವುಂಟು.

ಸುತ್ತಿದ ಮೇಲೆ ಎಲ್ಲಿ ಇಡಬೇಕೆಂಬುದು ಮುಂದಿನ ಪ್ರಶ್ನೆ. ಉಂಡೆ ಕೊಬ್ಬರಿಯನ್ನು ಮಾಡುವ ರೈತ ಬಲಿತ ಕಾಯಿಗಳನ್ನು ಸಿಪ್ಪೆ ಸಹಿತ ಅಟ್ಟಕ್ಕೆ ಏರಿಸಿ ಹಲವು ತಿಂಗಳು ಕಾಯುತ್ತಾನೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಸದ್ದು ಕೇಳುವವರೆಗೆ ಆ ಕಾಯುವಿಕೆ. ಈ ಕೊಯ್ಲಿನ ಕಾಯಿಯನ್ನು ಹಿಂದಿನ ಕೊಯ್ಲಿನ ಕಾಯಿಯೊಡನೆ ಬೆರೆಸಿಬಿಟ್ಟರೆ ಯಾವುದು ಒಣಗಿದೆ, ಯಾವುದು ಹಸಿಯಾಗಿದೆ ಎಂಬುದು ತಿಳಿಯದೆ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಆದುದರಿಂದ ಬೇರೆಯಾಗಿ ಇಡಬೇಕಾದುದನ್ನು ಬೇರೆಯಾಗಿ ಇಡುವುದು ಅವನ ಸಂಪಾದನೆಗೆ ಸಂಬಂಧಿಸಿದ ವಿಷಯ. ಯಾವ ವಸ್ತು ಯಾವುದರೊಡನೆ ಇರಬಹುದು, ಯಾವುದರೊಡನೆ ಇರಬಾರದು ಎಂದು ಕೇಳುವುದೇ ಓರಣದ ಮೊದಲ ಹೆಜ್ಜೆ.

ಎರಡನೆಯ ಹೆಜ್ಜೆಯನ್ನು ತೋರಿಸಿಕೊಡುವ ಕೃತಿ ಅರಳಗುಪ್ಪೆಯಲ್ಲಿಯೇ ಇದೆ. ಅಲ್ಲಿನ ಕಲ್ಲೇಶ್ವರ ದೇವಾಲಯ ಕ್ರಿ.ಶ. ಒಂಬತ್ತನೆಯ ಶತಮಾನದ್ದು. ಅದರ ಮಂಟಪದ ಭುವನೇಶ್ವರಿ, ಎಂದರೆ ಒಳಮಾಳಿಗೆಯ ಕೆತ್ತನೆ, ಶಿಲ್ಪಕಲೆಯನ್ನು ಬಲ್ಲವರ ಮೆಚ್ಚುಗೆಗೆ ಪಾತ್ರವಾಗಿದೆ. ನಡುವಿನ ಅಂಕಣದಲ್ಲಿ ನರ್ತಿಸುವ ಶಿವ. ಸುತ್ತಲಿನ ಎಂಟು ಅಂಕಣಗಳಲ್ಲಿ ತಮ್ಮ ತಮ್ಮ ವಾಹನಗಳೊಡನೆ ಅಷ್ಟದಿಕ್ಪಾಲಕರು. ಪೂರ್ವಕ್ಕೆ ಇಂದ್ರ, ಆಗ್ನೇಯಕ್ಕೆ ಅಗ್ನಿ, ದಕ್ಷಿಣಕ್ಕೆ ಯಮ, ನೈಋತ್ಯಕ್ಕೆ ನಿರುತಿ, ಪಶ್ಚಿಮಕ್ಕೆ ವರುಣ, ವಾಯವ್ಯಕ್ಕೆ ವಾಯು, ಉತ್ತರಕ್ಕೆ ಕುಬೇರ, ಈಶಾನ್ಯಕ್ಕೆ ಈಶಾನ, ಇದು ದಿಕ್ಪಾಲಕರಿಗೆ ಸಂಪ್ರದಾಯ ಗೊತ್ತುಪಡಿಸಿದ ಸ್ಥಾನ. ಶಿಲ್ಪಿಗಳು ಊರಿಂದೂರಿಗೆ ಹೋದರೂ ಈ ಕ್ರಮ ಅವರೊಡನೆ ಹೋಗುತ್ತಿತ್ತು. ಅದನ್ನು ಬಲ್ಲ ಭಕ್ತನಿಗೆ ವರುಣನೆಲ್ಲಿ ಎಂದು ಹುಡುಕುವ ಕಷ್ಟವಿಲ್ಲ. ಸ್ಥಾನ ಒಮ್ಮೆ ನಿಶ್ಚಿತವಾಯಿತೆಂದರೆ ನೆನಪಿನ ಹೊರೆ ಇಳಿಯುತ್ತದೆ. ಹೀಗೆ ನೋಡಿದರೆ ಚೀಲವನ್ನು ಜೋಡಿಸುವ ಸೂತ್ರ ಬಹಳ ಸರಳವಾದುದು: ಒಂದೊಂದು ವಸ್ತುವಿಗೂ ಒಂದು ಸ್ಥಾನ, ಪ್ರತಿ ಪ್ರಯಾಣದಲ್ಲಿಯೂ ಅದೇ ಸ್ಥಾನ. ದಾರಿಯಲ್ಲಿ ಪದೇ ಪದೇ ಬೇಕಾಗುವ ಚಾರ್ಜರು, ಕೇಬಲ್ಲು ಮೇಲಿನ ಅರೆಯಲ್ಲಿ. ಊರು ಸೇರಿದ ಮೇಲೆ ಬೇಕಾಗುವುವು ಕೆಳಗೆ. ಮೆಮೊರಿ ಕಾರ್ಡಿನಂತಹ ಅತಿ ಚಿಕ್ಕ ವಸ್ತು ಮುಚ್ಚಳವಿರುವ ಡಬ್ಬಿಯಲ್ಲಿ.

ಎಲ್ಲಕ್ಕಿಂತ ಎಚ್ಚರಿಕೆಯಿಂದ ಇಡಬೇಕಾದುದು ಪವರ್ ಬ್ಯಾಂಕು. ಸಂಚಿಯಲ್ಲಿ ಸುಣ್ಣವಿದ್ದಂತೆ ಇದು. ಉಪಯುಕ್ತವಾದರೂ ಉಳಿದವುಗಳೊಡನೆ ಬೆರೆಯಬಾರದು. ಅದರಲ್ಲಿರುವ ಲಿಥಿಯಮ್ ಬ್ಯಾಟರಿ ಜಜ್ಜಿದರೆ, ಅತಿಯಾಗಿ ಕಾದರೆ, ಅಥವಾ ಬೀಗದ ಕೈ, ನಾಣ್ಯಗಳಂತಹ ಲೋಹದ ವಸ್ತುಗಳು ಬ್ಯಾಟರಿಯ ಎರಡು ತುದಿಗಳನ್ನು ಕೂಡಿಸಿದರೆ ಉರಿದುಹೋಗುವ ಸಂಭವವುಂಟು. ಈ ಕಾರಣದಿಂದಲೇ ವಿಮಾನ ಪ್ರಯಾಣಿಕರು ಪವರ್ ಬ್ಯಾಂಕನ್ನು ಸರಕಿನ ಕೋಣೆಗೆ ಹೋಗುವ ಪೆಟ್ಟಿಗೆಯಲ್ಲಿ ಇಡುವಂತಿಲ್ಲ. ತಮ್ಮೊಡನೆ ಒಯ್ಯುವ ಕೈಚೀಲದಲ್ಲಿ ಇಟ್ಟುಕೊಳ್ಳಬೇಕು. ಎದುರಿಗೆ ಹೊಗೆ ಕಂಡರೆ ಆರಿಸಬಹುದು. ಕಾಣದ ಕೋಣೆಯಲ್ಲಿ ಹೊತ್ತಿದ ಬೆಂಕಿಯನ್ನು ಆರಿಸುವವರಾರು? ಅದರ ಶಕ್ತಿ 100 ವ್ಯಾಟ್-ಗಂಟೆಯನ್ನು ಮೀರಿದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. 160ನ್ನು ಮೀರಿದರೆ ಪ್ರಯಾಣಿಕರು ಅದನ್ನು ಒಯ್ಯುವಂತಿಲ್ಲ. ಲೆಕ್ಕ ಸುಲಭವಾದುದು. 20,000 ಮಿಲಿ ಆಂಪಿಯರ್-ಗಂಟೆ ಎಂದು ಬರೆದಿದ್ದರೆ ಅದನ್ನು 1,000ದಿಂದ ಭಾಗಿಸಿ, ಬ್ಯಾಟರಿಯ ಸಾಮಾನ್ಯ ವೋಲ್ಟೇಜಾದ 3.7ರಿಂದ ಗುಣಿಸಿದರೆ 74 ಬರುತ್ತದೆ. ಬಸ್ಸು, ರೈಲುಗಳ ಪ್ರಯಾಣದಲ್ಲಿಯೂ ಅದನ್ನು ಬಟ್ಟೆಗಳ ಅಡಿಯಲ್ಲಿ ಅದುಮಿಡದೆ, ಕೈಗೆ ಸಿಗುವಂತೆ ಪ್ರತ್ಯೇಕವಾಗಿ ಇಡುವುದು ವಿವೇಕ. ಉಬ್ಬಿದ ಪವರ್ ಬ್ಯಾಂಕನ್ನು ಪ್ರಯಾಣಕ್ಕೆ ಒಯ್ಯಲೇಬಾರದು.

ವಸ್ತುಗಳನ್ನು ಜೋಡಿಸುವುದಕ್ಕಿಂತ ಮೊದಲು ಅವುಗಳನ್ನು ಕಡಮೆ ಮಾಡಿಕೊಳ್ಳುವುದು ಮೇಲು. ಸಂಚಿ ಚಿಕ್ಕದಾಗಿದ್ದುದರಿಂದ ಅದರಲ್ಲಿ ಬೇಡದ ವಸ್ತುಗಳಿಗೆ ಎಡೆಯಿರಲಿಲ್ಲ. ಇಂದಿನ ಚೀಲಗಳು ದೊಡ್ಡವಾಗಿವೆ. ‘ಇರಲಿ, ಬೇಕಾದೀತು’ ಎಂಬ ಮಾತಿಗೆ ಮಿತಿಯಿಲ್ಲದಂತಾಗಿದೆ. ಈ ತಪ್ಪಿನಲ್ಲಿ ತಯಾರಕರ ಪಾಲೂ ಇದೆ. ಒಬ್ಬೊಬ್ಬ ತಯಾರಕ ಒಂದೊಂದು ಬಗೆಯ ಮೊನೆಯನ್ನು ಮಾಡಿದ್ದರಿಂದ ಬಹುಕಾಲ ಒಂದೊಂದು ಉಪಕರಣಕ್ಕೂ ಒಂದೊಂದು ತಂತಿ ಬೇಕಾಗುತ್ತಿತ್ತು. ಯೂರೋಪಿಯನ್ ಒಕ್ಕೂಟ 2022ರಲ್ಲಿ ಇದಕ್ಕೊಂದು ಕಾನೂನು ಮಾಡಿ, 2024ರ ಡಿಸೆಂಬರ್ 28ರಿಂದ ಅಲ್ಲಿ ಹೊಸದಾಗಿ ಮಾರಾಟಕ್ಕೆ ಬರುವ ಮೊಬೈಲು, ಟ್ಯಾಬ್ಲೆಟ್ಟು, ಕ್ಯಾಮೆರಾ ಮುಂತಾದುವುಗಳಿಗೆ ‘ಟೈಪ್-ಸಿ’ ಎಂಬ ಒಂದೇ ಬಗೆಯ ಚಾರ್ಜಿಂಗ್ ಮೊನೆ ಇರಬೇಕೆಂದು ವಿಧಿಸಿತು. ಲ್ಯಾಪ್‌ಟಾಪುಗಳಿಗೆ 2026ರ ಏಪ್ರಿಲ್ 28ರ ಗಡುವನ್ನು ಇಟ್ಟಿತು. ಭಾರತೀಯ ಮಾನಕ ಬ್ಯೂರೋ ಕೂಡ 2023ರಲ್ಲಿ ಇದೇ ಮೊನೆಗೆ ಮಾನಕವನ್ನು ಪ್ರಕಟಿಸಿತು. ಒಂದು ತಂತಿಯಿಂದ ಮೂರು ಉಪಕರಣಗಳ ಕೆಲಸವಾಗುವಾಗ ಮೂರು ತಂತಿಗಳನ್ನು ಹೊರುವುದೇಕೆ? ಉಳಿದ ಹಳೆಯ ತಂತಿಗಳನ್ನು ತಿಪ್ಪೆಗೆ ಎಸೆಯುವುದಾಗಲಿ, ತಾಮ್ರಕ್ಕಾಗಿ ಸುಡುವುದಾಗಲಿ ಸರಿಯಲ್ಲ. ಪ್ಲಾಸ್ಟಿಕ್ಕಿನ ಹೊಗೆ ವಿಷ. ಭಾರತ ಸರ್ಕಾರ 2022ರಲ್ಲಿ ಮಾಡಿದ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಅಂತಹ ತ್ಯಾಜ್ಯ ನೋಂದಾಯಿತ ಮರುಬಳಕೆದಾರರ ಕೈ ಸೇರಬೇಕೆಂಬುದು ಅವುಗಳ ಆಶಯ.

ಚೀಲದ ಓರಣಕ್ಕೆ ಇಷ್ಟೊಂದು ಮಹತ್ತ್ವ ಕೊಡುವುದು ಅತಿಯಾಯಿತೆಂದು ಕೆಲವರು ಆಕ್ಷೇಪಿಸಬಹುದು. ಅವರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಓರಣವೇ ಗೀಳಾಗಿ, ಒಂದು ತಂತಿ ತುಸು ವಾರೆಯಾದರೆ ತಳಮಳಗೊಳ್ಳುವವನು ತನ್ನ ಸಂಚಿಗೆ ತಾನೇ ಆಳಾಗುತ್ತಾನೆ. ಪ್ರಯಾಣದ ಉದ್ದೇಶ ಚೀಲವನ್ನು ನೋಡುವುದಲ್ಲ, ಲೋಕವನ್ನು ನೋಡುವುದು. ಆದರೆ ಲೋಕವನ್ನು ನೋಡಲು ಬಿಡುವು ಸಿಗಬೇಕಾದರೆ ಚೀಲ ತನ್ನ ಪಾಡಿಗೆ ತಾನಿರಬೇಕು. ಕಿಟಕಿಯಾಚೆ ತೋಟ, ಕೆರೆ, ಬೆಟ್ಟಗಳು ಹಾದುಹೋಗುತ್ತಿರುವಾಗ ತಂತಿಯ ಗಂಟು ಬಿಡಿಸುತ್ತ ಕುಳಿತವನಿಗೆ ಕಾಣುವುದು ಗಂಟು ಮಾತ್ರ. ಓರಣಕ್ಕೆ ಹಣ ಬೇಕೆಂಬುದು ಇನ್ನೊಂದು ಆಕ್ಷೇಪ. ಅಂಗಡಿಗಳಲ್ಲಿ ತಂತಿಗಳಿಗಾಗಿಯೇ ಹತ್ತಾರು ಅರೆಗಳ ಚೀಲಗಳು ಮಾರಾಟವಾಗುತ್ತವೆ. ಅವು ಕೆಟ್ಟವೇನೂ ಅಲ್ಲ. ಆದರೆ ತೆಗೆದ ವಸ್ತುವನ್ನು ತೆಗೆದಲ್ಲಿಯೇ ಇಡುವ ಅಭ್ಯಾಸ ಅಂಗಡಿಯಲ್ಲಿ ದೊರೆಯುವುದಿಲ್ಲ. ಅದಿಲ್ಲದವನ ಕೈಯಲ್ಲಿ ಹತ್ತು ಅರೆಗಳ ಚೀಲವೂ ಒಂದೇ ತಿಂಗಳಲ್ಲಿ ಗೋಣಿಯಾಗುತ್ತದೆ. ಅದಿದ್ದವನಿಗೆ ದರ್ಜಿಯ ಅಂಗಡಿಯಲ್ಲಿ ಉಳಿದ ಬಟ್ಟೆಯ ತುಂಡಿನಿಂದ ಮನೆಯಲ್ಲಿಯೇ ಹೊಲಿದ ನಾಲ್ಕು ಅರೆಗಳ ಸಂಚಿ ಧಾರಾಳವಾಗಿ ಸಾಕು.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕಾಗುತ್ತದೆ. ಅನೇಕ ಮನೆಗಳಲ್ಲಿ ಮಕ್ಕಳು ಊರಿಗೆ ಹೊರಟಾಗ, ಅದರಲ್ಲಿಯೂ ಗಂಡುಮಕ್ಕಳು ಹೊರಟಾಗ, ಚೀಲವನ್ನು ಜೋಡಿಸುವವಳು ತಾಯಿ. ಬಟ್ಟೆ ಮಡಿಸಿ, ತಿಂಡಿಯ ಡಬ್ಬಿಯಿಟ್ಟು, ಕೊನೆಗೆ ಚಾರ್ಜರನ್ನು ಗೋಡೆಯಿಂದ ಕಿತ್ತು ತಂದು ತುರುಕುವವಳೂ ಅವಳೇ. ಅವಳ ವಾತ್ಸಲ್ಯ ದೊಡ್ಡದು. ಆದರೆ ಬೇರೆಯವರು ಜೋಡಿಸಿದ ಚೀಲದಲ್ಲಿ ಯಾವುದು ಎಲ್ಲಿದೆಯೆಂದು ಹೊತ್ತವನಿಗೆ ತಿಳಿಯುವುದು ಹೇಗೆ? ರಾಣಿಗೆ ಸಂಚಿಯ ಊಳಿಗದವಳು ಸದಾ ಜೊತೆಯಲ್ಲಿರುತ್ತಿದ್ದಳು. ಮಗನೊಡನೆ ತಾಯಿ ಬಸ್ಸು ಹತ್ತಲಾರಳು. ಪ್ರೌಢಶಾಲೆಗೆ ಬಂದ ಹುಡುಗ ಹುಡುಗಿಯರು ತಮ್ಮ ಚೀಲವನ್ನು ತಾವೇ ಜೋಡಿಸಿಕೊಳ್ಳಲು ಕಲಿಯುವುದು ಸ್ವಾವಲಂಬನೆಯ ಮೊದಲ ಪಾಠಗಳಲ್ಲಿ ಒಂದು. ಹೊರಡುವ ಗಳಿಗೆಯಲ್ಲಿ ಹುಡುಕಾಡುವುದು ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡಿದಂತೆ. ಹಿಂದಿನ ರಾತ್ರಿಯೇ ಒಂದೊಂದನ್ನೂ ಮುಟ್ಟಿ ನೋಡಿ ಅದರದರ ಅರೆಯಲ್ಲಿ ಇಟ್ಟವನು ನೆಮ್ಮದಿಯಿಂದ ನಿದ್ರಿಸಬಹುದು.

ಓರಣದ ಫಲ ಓರಣವುಳ್ಳವನಿಗಷ್ಟೇ ಸೀಮಿತವಲ್ಲ. ಸಂಚಿ ಬಿಚ್ಚಿದ ಹಿರಿಯರು ಪಕ್ಕದಲ್ಲಿ ಕುಳಿತವರಿಗೂ ಎಲೆಯಡಿಕೆ ನೀಡುವುದು ಈ ನಾಡಿನ ಸೌಜನ್ಯವಾಗಿತ್ತು. ಯಾವುದು ಎಲ್ಲಿದೆಯೆಂದು ಬಲ್ಲವರಿಂದ ಮಾತ್ರ ಹಾಗೆ ನೀಡಲು ಸಾಧ್ಯ. ರೈಲಿನಲ್ಲಿ ಎದುರಿಗೆ ಕುಳಿತ ವೃದ್ಧರ ಮೊಬೈಲು ಆರಿಹೋಗಿ, ಮಗನಿಗೆ ಸುದ್ದಿ ತಿಳಿಸಲಾಗದೆ ಅವರು ಕಳವಳಗೊಂಡಿರುವಾಗ, ಚೀಲಕ್ಕೆ ಕೈಹಾಕಿ ಒಂದೇ ಕ್ಷಣದಲ್ಲಿ ಕೇಬಲ್ಲನ್ನು ತೆಗೆದುಕೊಡುವ ತರುಣನ ಸಹಾಯ ಸಕಾಲದ್ದಾಗುತ್ತದೆ. ಮುಂದಿನ ನಿಲ್ದಾಣ ಬರುವವರೆಗೂ ಗಂಟು ಬಿಡಿಸುತ್ತಿರುವವನಲ್ಲಿ ಒಳ್ಳೆಯ ಮನಸ್ಸಿದ್ದರೂ ಅದು ಉಪಯೋಗಕ್ಕೆ ಬರುವುದಿಲ್ಲ. ಕೆಲಸ ಮುಗಿದ ಮೇಲೆ ಆ ಕೇಬಲ್ಲು ಮತ್ತೆ ಸುರುಳಿಯಾಗಿ ತನ್ನ ಅರೆಯನ್ನು ಸೇರಬೇಕು. ಇನ್ನಾರಿಗೆ ಯಾವಾಗ ಬೇಕಾದೀತೆಂದು ಹೇಳಲಾಗದು.